ಹಿತ್ತಲ ಈರುಳ್ಳಿ: ಬೆಳೆಯುವ ಹಾಗೂ ಕಾದಿಡುವ ಕ್ರಮ

ಈರುಳ್ಳಿಯಿಲ್ಲದ ಅಡಿಗೆಮನೆಯು ನಮ್ಮ ನಾಡಿನಲ್ಲಿ ವಿರಳ. ನಮ್ಮ ಕಡೆ ಇದಕ್ಕೆ ಉಳ್ಳಾಗಡ್ಡಿಯೆಂದು ಹೆಸರು. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇವುಗಳ ಸಂಗಡ ಒಂದು ಉಳ್ಳಾಗಡ್ಡಿಯಿದ್ದರೆ ಊಟ ಪೂರ್ಣವಾಯಿತು. ಆದರೆ ಗೃಹಿಣಿಯ ತಿಂಗಳ ಲೆಕ್ಕವನ್ನು ಪದೇ ಪದೇ ಕೆಡಿಸುವ ಪದಾರ್ಥವೂ ಇದೇ ಆಗಿದೆ. ಸುಗ್ಗಿಯಲ್ಲಿ ಕೊಳ್ಳುವವರಿಲ್ಲದೆ ರಾಶಿಯಾಗಿ ಬೀಳುವ ಗಡ್ಡೆಯು ಮಳೆಗಾಲ ಕಳೆಯುವಷ್ಟರಲ್ಲಿ ಕೈಗೆ ಎಟುಕದಂತಾಗುತ್ತದೆ. ೨೦೧೯ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಿಲೋ ಈರುಳ್ಳಿಯ ಬೆಲೆಯು ೧೦೦ ರೂಪಾಯಿಗಳನ್ನು ದಾಟಿದ್ದು ವಾಚಕರಿಗೆ ನೆನಪಿರಬಹುದು. ಅಗ್ಗದ ದಿನಗಳಲ್ಲಿ ಮಾರಿದವರೇ ತುಟ್ಟಿಯ ದಿನಗಳಲ್ಲಿ ಕೊಳ್ಳುವುದು ನಮ್ಮ ಎಷ್ಟೋ ಮನೆಗಳ ಕಥೆ. ಇದಕ್ಕೆ ಪರಿಹಾರವು ಬೆಳೆಯುವುದರಲ್ಲಿ ಅರ್ಧ, ಕಾದಿಡುವುದರಲ್ಲಿ ಇನ್ನರ್ಧ ಇದೆ.

ಭೀಮಾ ದಂಡೆಯ ನಮ್ಮ ದೇವಣಗಾಂವದ ನೆಲವು ಎರೆಮಣ್ಣಿನದು; ಅದು ಸತ್ತ್ವಯುತವಾದರೂ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಈರುಳ್ಳಿಯ ಬೇರುಗಳಾದರೋ ಮೇಲ್ಮಣ್ಣಿನಲ್ಲಿಯೇ ಹರಡುವಂಥವು; ನಿಂತ ನೀರನ್ನು ಅವು ತಾಳಲಾರವು. ೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಹರಿದು ದಂಡೆಯ ಹೊಲಗಳನ್ನು ಮುಳುಗಿಸಿದಾಗ ಈ ಪಾಠವನ್ನು ಎಲ್ಲರೂ ಕಲಿತರು. ಆದಕಾರಣ ಹಿತ್ತಲಿನಲ್ಲಿ ನೆಲಮಟ್ಟಕ್ಕಿಂತ ೧೫ ಸೆಂಟಿಮೀಟರು ಎತ್ತರವಾದ ಮಡಿಗಳನ್ನು ಕಟ್ಟಿ, ಹಳೆಯ ತಿಪ್ಪೆಗೊಬ್ಬರವನ್ನು ಚೆನ್ನಾಗಿ ಬೆರೆಸತಕ್ಕದ್ದು. ಹಸಿಗೊಬ್ಬರವು ಸಲ್ಲದು.

ಮಳೆಗಾಲದ ಬೆಳೆಯ ಗಡ್ಡೆಗಳು ಒಂದೆರಡು ತಿಂಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಕಾದಿಡುವವರು ಹಿಂಗಾರಿ ಬೆಳೆಯನ್ನೇ ಆರಿಸಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ ತಳಿಯು ಇದಕ್ಕೆ ಯೋಗ್ಯವಾದುದು. ನಮ್ಮ ನದಿಯ ಮೇಲ್ಭಾಗದಲ್ಲಿ, ಪುಣೆ ಜಿಲ್ಲೆಯ ರಾಜಗುರುನಗರದಲ್ಲಿ, ಈರುಳ್ಳಿ-ಬೆಳ್ಳುಳ್ಳಿಗಳಿಗೆಂದೇ ಒಂದು ಸಂಶೋಧನಾ ಸಂಸ್ಥೆಯಿದೆ. ಅಲ್ಲಿಯ ತಳಿಗಳಿಗೆ ನಮ್ಮ ನದಿಯದೇ ಹೆಸರು. ಅವುಗಳಲ್ಲಿ ಭೀಮಾ ಶಕ್ತಿ, ಭೀಮಾ ಕಿರಣ ಎಂಬವು ಐದಾರು ತಿಂಗಳು ಬಾಳುತ್ತವೆ. ಪರದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ಕಳುಹಿಸುವ ಬೀಜವನ್ನು ಮಾತ್ರ ಬಿತ್ತಲಾಗದು. ಯಾಕಂದರೆ ಉತ್ತರದ ಶೀತದೇಶಗಳ ಈರುಳ್ಳಿಗೆ ಗಡ್ಡೆ ಕಟ್ಟಲು ೧೪ ಗಂಟೆ ಅಥವಾ ಅದಕ್ಕೂ ದೀರ್ಘವಾದ ಹಗಲು ಬೇಕು. ನಮ್ಮಲ್ಲಿ ಅತಿ ದೀರ್ಘವಾದ ಹಗಲೂ ೧೩ ಗಂಟೆಗಳ ಆಸುಪಾಸಿನದು. ಅಂಥ ಬೀಜದಿಂದ ನಮಗೆ ತಪ್ಪಲು ದೊರೆತೀತು, ಗಡ್ಡೆ ದೊರೆಯಲಾರದು.

ಇನ್ನು ಪ್ರಮಾಣದ ವಿಚಾರ. ೩ ಮೀಟರು ಉದ್ದ, ೧.೨ ಮೀಟರು ಅಗಲವುಳ್ಳ ಮಡಿಯಲ್ಲಿ ಸಾಲಿನಿಂದ ಸಾಲಿಗೆ ೧೫, ಗಿಡದಿಂದ ಗಿಡಕ್ಕೆ ೧೦ ಸೆಂಟಿಮೀಟರು ಬಿಟ್ಟರೆ ೨೪೦ ಸಸಿಗಳು ಹಿಡಿಸುತ್ತವೆ. ಒಂದು ಗಡ್ಡೆಯು ೬೦ ಗ್ರಾಂ ತೂಗಿದರೂ ೧೪ ಕಿಲೋ ಆಯಿತು. ಎರಡು ಮಡಿಗಳಿಂದ ೨೮ ಕಿಲೋ. ತಿಂಗಳಿಗೆ ೪ ಕಿಲೋ ಬಳಸುವ ಕುಟುಂಬಕ್ಕೆ, ಸ್ವಲ್ಪ ಹಾಳಾದುದನ್ನು ಕಳೆದರೂ, ಆರು ತಿಂಗಳಿಗೆ ಇದು ಸಾಕು. ಬೀಜವು ೫ ಗ್ರಾಂ ಇದ್ದರಾಯಿತು. ಆದರೆ ಅದು ಆಯಾ ವರ್ಷದ್ದೇ ಆಗಿರಬೇಕು, ಈರುಳ್ಳಿ ಬೀಜದ ಮೊಳೆಯುವ ಶಕ್ತಿಯು ಬಹುಬೇಗ ಕುಂದುತ್ತದೆ.

ಅಕ್ಟೋಬರದ ನಡುವಿನಲ್ಲಿ ಸಸಿಮಡಿಯಲ್ಲಿ ತೆಳುವಾಗಿ ಬಿತ್ತಿ, ೪೫ರಿಂದ ೫೦ ದಿನಗಳ ತರುವಾಯ ಅಗಿಯನ್ನು ಕಿತ್ತು ನೆಡತಕ್ಕದ್ದು. ನೆಟ್ಟೊಡನೆ ನೀರು, ಮೂರನೆಯ ದಿನ ಮತ್ತೊಮ್ಮೆ, ಅನಂತರ ವಾರಕ್ಕೊಂದು ಸಲ. ಕಸವನ್ನು ಎಳೆಯದಿರುವಾಗಲೇ ಕೈಯಿಂದ ಕೀಳಬೇಕು. ಆಳವಾಗಿ ಕೆದಕಿದರೆ ಬೇರು ಹರಿಯುತ್ತದೆ. ಎಲೆಗಳ ಮೇಲೆ ಬಿಳಿಯ ಗೆರೆಗಳು ಕಂಡರೆ ಎಲೆಯ ಬುಡದಲ್ಲಿ ಸೂಕ್ಷ್ಮ ನುಸಿಗಳು ಅಡಗಿವೆಯೆಂದು ತಿಳಿದು, ಲೀಟರು ನೀರಿಗೆ ೫ ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಸಿ ಸಿಂಪಡಿಸಬೇಕು. ನೆಟ್ಟು ಒಂದೂವರೆ ತಿಂಗಳಾದ ಮೇಲೆ ಯಾವ ಗೊಬ್ಬರವನ್ನೂ ಹಾಕಬಾರದು. ಹಾಕಿದರೆ ಗಡ್ಡೆಯ ಕುತ್ತಿಗೆ ದಪ್ಪವಾಗುತ್ತದೆ, ದಪ್ಪ ಕುತ್ತಿಗೆಯ ಗಡ್ಡೆ ಬಾಳದು.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳುವುದು ಒಳ್ಳೆಯದು. ಮೊದಲ ವರ್ಷ ಮಾರ್ಚದಲ್ಲಿ ಎಲೆಗಳು ಬಾಗಿ ಬೀಳತೊಡಗಿದಾಗ ಗಿಡಗಳಿಗೆ ನೀರಡಿಕೆಯಾಯಿತೆಂದು ಭಾವಿಸಿ, ದಿನಾಲು ಕೊಡ ಹೊತ್ತು ನೀರೆರೆದೆವು. ಗಡ್ಡೆಗಳು ದೊಡ್ಡವಾದವು, ನೆರೆಯವರಿಗೆ ತೋರಿಸಿ ಹಿಗ್ಗಿದೆವು. ಕಿತ್ತ ದಿನವೇ ಗೋಣಿಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಕತ್ತಲೆಯ ಕೋಣೆಯಲ್ಲಿಟ್ಟೆವು. ಜುಲೈದಲ್ಲಿ ಆ ಕೋಣೆಯಿಂದ ದುರ್ಗಂಧ ಬಂತು. ಚೀಲವನ್ನು ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಕೊಳೆತಿತ್ತು, ಉಳಿದುದು ಮೊಳೆತಿತ್ತು. ಆರು ತಿಂಗಳ ದುಡಿಮೆಯನ್ನು ತಿಪ್ಪೆಗೆ ಸುರಿದು, ಅದೇ ವಾರ ಸಂತೆಯಲ್ಲಿ ದುಡ್ಡು ಕೊಟ್ಟು ಉಳ್ಳಾಗಡ್ಡಿ ತಂದೆವು.

ಎಲೆ ಬಾಗುವುದು ನೀರಡಿಕೆಯಲ್ಲ, ಅದು ಬಲಿತ ಗುರುತು. ಅರ್ಧದಷ್ಟು ಗಿಡಗಳ ಎಲೆ ಬಾಗಿದಾಗ ಕೀಳತಕ್ಕದ್ದು. ಅದಕ್ಕೆ ೧೦ರಿಂದ ೧೫ ದಿನಗಳ ಮೊದಲೇ ನೀರನ್ನು ನಿಲ್ಲಿಸಬೇಕು. ಕಿತ್ತ ಗಡ್ಡೆಗಳನ್ನು ಒಂದು ಸಾಲಿನ ಎಲೆಯು ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಮಡಿಯಲ್ಲಿಯೇ ಮೂರು ನಾಲ್ಕು ದಿನ ಹಾಸಬೇಕು. ಹಾಗೆ ಮಾಡಿದರೆ ಬಿಸಿಲು ಗಡ್ಡೆಯನ್ನು ಸುಡದು. ತರುವಾಯ ಎರಡು ಸೆಂಟಿಮೀಟರು ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ, ನೆರಳಿನಲ್ಲಿ ಹತ್ತು ದಿನ ಆರಿಸಬೇಕು. ಕುತ್ತಿಗೆಯು ಒಣಗಿ ಬಿಗಿದಾಗ ಕೊಳೆರೋಗವು ಒಳಹೊಗುವ ಬಾಗಿಲು ಮುಚ್ಚಿದಂತಾಯಿತು. ಎಲೆ ಕತ್ತರಿಸದೆ ಜಡೆಯಾಗಿ ಹೆಣೆದು ಗಾಳಿಯಾಡುವ ಪಡಸಾಲೆಯಲ್ಲಿ ತೂಗಬಿಡುವುದೂ ಉತ್ತಮ. ಪ್ರತಿದಿನ ಬೆಳಿಗ್ಗೆ ಜಡೆ ಹೆಣೆದು ಶಾಲೆಗೆ ಬಂದ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಬೇಕಾದುದಿಲ್ಲ!

ಜೋಡಿಗಡ್ಡೆ, ಹೂಗೊಂಬು ಬಂದದ್ದು, ಗಾಯವಾದದ್ದು, ಇವುಗಳನ್ನು ಬೇರೆಯಿಟ್ಟು ಮೊದಲು ಬಳಸಬೇಕು. ಉಳಿದುವನ್ನು ಬಿದಿರಿನ ಬುಟ್ಟಿಯಲ್ಲಾಗಲಿ ಅಟ್ಟದ ಮೇಲಾಗಲಿ ತೆಳುವಾಗಿ ಹರಡಬೇಕು. ತಂಪಾದ ಸ್ಥಳವೇ ಒಳ್ಳೆಯದೆಂದು ಅನೇಕರು ತಿಳಿದಿರುವರು; ಅದು ಸರಿಯಲ್ಲ. ಈರುಳ್ಳಿಯು ೧೦ರಿಂದ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಗ ಮೊಳೆಯುತ್ತದೆ, ೨೫ರಿಂದ ೩೦ ಡಿಗ್ರಿಗಳಲ್ಲಿ ನಿದ್ರಿಸುತ್ತದೆ. ನಮ್ಮ ಸೀಮೆಯ ಸೆಕೆಯು ಇದಕ್ಕೆ ವೈರಿಯಲ್ಲ, ತೇವವೇ ವೈರಿ. ಬಟಾಟೆಯನ್ನು ಇದರ ಜೊತೆ ಇಡಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಯಾಡಿಸಿ, ಕೆಟ್ಟ ಒಂದನ್ನು ತೆಗೆದರೆ ಒಳ್ಳೆಯ ಹತ್ತು ಉಳಿಯುತ್ತವೆ.

ಎರಡನೆಯ ವರ್ಷ ನಾವು ಹೀಗೆಯೇ ಮಾಡಿದೆವು. ಗಡ್ಡೆಗಳು ಮೊದಲಿನಷ್ಟು ದೊಡ್ಡವಾಗಲಿಲ್ಲ. ಆದರೆ ಸೆಪ್ಟೆಂಬರದ ಕೊನೆಯ ವಾರದಲ್ಲಿಯೂ ಅಟ್ಟದಿಂದ ಗಟ್ಟಿಯಾದ ಉಳ್ಳಾಗಡ್ಡಿಯನ್ನು ಇಳಿಸಿದೆವು. ತಾಯಿತಂದೆಗಳೇ, ಈ ಹಿಂಗಾರಿಗೆ ಮನೆಯ ಮಕ್ಕಳಿಗೆ ಒಂದು ಮಡಿಯನ್ನು ಒಪ್ಪಿಸಿರಿ. ಬೆಳೆದುದನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಅವರು ಕೈಯಾರೆ ಕಲಿಯಲಿ.