ಕಾವ್ಯ ಮತ್ತು ಪ್ರಾದೇಶಿಕ ಚರಿತ್ರೆ: ತಕಾಓಕಾದ ಮನ್ಯೋ ಇತಿಹಾಸ ಸಂಗ್ರಹಾಲಯ

ವಸ್ತುಸಂಗ್ರಹಾಲಯವೆಂದರೆ ಶಾಸನ, ಶಿಲ್ಪ, ನಾಣ್ಯ, ಆಯುಧಗಳ ಸಂಗ್ರಹವೆಂಬ ಕಲ್ಪನೆ ರೂಢಿಯಲ್ಲಿದೆ. ಒಂದು ಕಾವ್ಯಸಂಕಲನವನ್ನು ಕೇಂದ್ರವಾಗಿರಿಸಿಕೊಂಡು ಪ್ರದೇಶವೊಂದರ ಚರಿತ್ರೆಯನ್ನು ನಿರೂಪಿಸುವ ಸಂಸ್ಥೆಗಳು ವಿರಳ. ಜಪಾನಿನ ತೊಯಾಮಾ ಪ್ರಾಂತದ ತಕಾಓಕಾ ನಗರಕ್ಕೆ ಸೇರಿದ ಫುಶಿಕಿಯಲ್ಲಿ 1990ರಲ್ಲಿ ಆರಂಭವಾದ ಮನ್ಯೋ ಇತಿಹಾಸ ಸಂಗ್ರಹಾಲಯ ಅಂತಹುದೊಂದು. ಕಾವ್ಯವು ಎಷ್ಟರಮಟ್ಟಿಗೆ ಪ್ರಾದೇಶಿಕ ಚರಿತ್ರೆಯ ಆಕರವಾಗಬಲ್ಲದು ಎಂಬ ಪ್ರಶ್ನೆಯನ್ನು ಈ ಸಂಸ್ಥೆಯ ಹಿನ್ನೆಲೆಯಲ್ಲಿ ಪರಿಶೀಲಿಸಬಹುದಾಗಿದೆ.

ಎಂಟನೆಯ ಶತಮಾನದಲ್ಲಿ ರೂಪುಗೊಂಡ ‘ಮನ್ಯೋಶೂ’ 20 ಸಂಪುಟಗಳ, ಸುಮಾರು 4,500 ಪದ್ಯಗಳ ಸಂಕಲನ. ಜಪಾನಿ ಭಾಷೆಗೆ ಸ್ವಂತ ಲಿಪಿ ಇಲ್ಲದಿದ್ದ ಆ ಕಾಲದಲ್ಲಿ ಚೀನೀ ಅಕ್ಷರಗಳನ್ನೇ ಅರ್ಥಕ್ಕೂ ಧ್ವನಿಗೂ ಬಳಸಿ ಇದನ್ನು ಬರೆಯಲಾಯಿತು. ಇದರ ಮೂಲಪ್ರತಿ ಉಳಿದಿಲ್ಲ. ಲಭ್ಯವಿರುವುದು ನಂತರದ ಕಾಲದ ಪ್ರತಿಗಳು ಮಾತ್ರ. ಆದ್ದರಿಂದ ಇಲ್ಲಿ ವಸ್ತುವಿಗಿಂತ ಪಠ್ಯಕ್ಕೂ ಸ್ಥಳಕ್ಕೂ ಇರುವ ಸಂಬಂಧವೇ ಮುಖ್ಯವಾಗುತ್ತದೆ.

ಈ ಸಂಬಂಧಕ್ಕೆ ಕಾರಣನಾದವನು ಓತೊಮೊ ನೊ ಯಕಮೊಚಿ. ಸಂಕಲನದ ಸಂಪಾದನೆಯಲ್ಲಿ ಪ್ರಮುಖ ಪಾತ್ರ ವಹಿಸಿದನೆಂದು ವಿದ್ವಾಂಸರು ಭಾವಿಸುವ ಈತ 746ರಿಂದ 751ರವರೆಗೆ ಎಚ್ಚೂ ಪ್ರಾಂತದ ಅಧಿಕಾರಿಯಾಗಿದ್ದನು. ಆತನ ಆಡಳಿತ ಕೇಂದ್ರವಿದ್ದುದು ಇಂದಿನ ಫುಶಿಕಿಯಲ್ಲಿ. ಸಂಕಲನದಲ್ಲಿರುವ ಆತನ 470ಕ್ಕೂ ಹೆಚ್ಚು ಪದ್ಯಗಳಲ್ಲಿ 220ಕ್ಕೂ ಹೆಚ್ಚು ಈ ಐದು ವರ್ಷಗಳಲ್ಲಿ ರಚಿತವಾದವು. 17ರಿಂದ 19ನೆಯ ಸಂಪುಟಗಳಲ್ಲಿ ಇವು ದಿನಾಂಕ, ಸಂದರ್ಭಗಳ ಟಿಪ್ಪಣಿಯೊಡನೆ ದಿನಚರಿಯಂತೆ ಜೋಡಣೆಗೊಂಡಿವೆ. ತಮ್ಮನ ಮರಣವಾರ್ತೆ, 747ರ ತೀವ್ರ ಕಾಯಿಲೆ, ಸರಕಾರದ ಭತ್ತವನ್ನು ರೈತರಿಗೆ ಸಾಲವಾಗಿ ನೀಡುವ ಕಾರ್ಯಕ್ಕಾಗಿ 748ರ ವಸಂತದಲ್ಲಿ ಕೈಗೊಂಡ ಸಂಚಾರ ಇವೆಲ್ಲ ಅಲ್ಲಿ ದಾಖಲಾಗಿವೆ. ದಾಟಿದ ನದಿಗಳ ಹೆಸರುಗಳೂ ಉಳಿದುಬಂದಿವೆ. ಆಡಳಿತ ಮತ್ತು ಭೂಗೋಳದ ಅಧ್ಯಯನಕ್ಕೆ ಇವು ಬೆಲೆಯುಳ್ಳ ಆಕರಗಳು.

ಆದರೆ ಈ ಆಕರಕ್ಕೆ ಮಿತಿಯೂ ಇದೆ. 749ರ ಅನಾವೃಷ್ಟಿಯಲ್ಲಿ ಒಣಗಿದ ಹೊಲಗಳ ಚಿತ್ರ ಯಕಮೊಚಿಯ ಮಳೆ ಬೇಡುವ ಪದ್ಯದಲ್ಲಿ ಬರುತ್ತದೆ. ರೈತನ ಸಂಕಟ ಅಲ್ಲಿ ಅಧಿಕಾರಿಯ ಮಾತಿನಲ್ಲಿ ವ್ಯಕ್ತವಾಗಿದೆ. ಸ್ಥಳೀಯರ ಹಾಡುಗಳೆನ್ನಬಹುದಾದವು 16ನೆಯ ಸಂಪುಟದಲ್ಲಿವೆ: ನೋತೊ ಪ್ರದೇಶದವು ಮೂರು, ಎಚ್ಚೂವಿನವು ನಾಲ್ಕು. ರಾಜಧಾನಿಯಿಂದ ಬಂದವನೊಬ್ಬನ ಇನ್ನೂರಕ್ಕೂ ಮಿಕ್ಕ ಪದ್ಯಗಳ ಎದುರು ನೆಲದವರ ಹಾಡುಗಳು ಕೇವಲ ಏಳು. ಯಾರ ದನಿ ಬರಹಕ್ಕೆ ಏರಿತು, ಯಾರದು ಏರಲಿಲ್ಲ ಎಂಬುದನ್ನು ತಿಳಿಸುವ ಈ ಅಂತರವೂ ಒಂದು ಚಾರಿತ್ರಿಕ ಸಾಕ್ಷ್ಯವೇ.

ಸಂಗ್ರಹಾಲಯವು ಪದ್ಯಗಳಲ್ಲಿ ಹೆಸರಿಸಲಾದ ಗಿಡಮರಗಳನ್ನು ತನ್ನ ಉದ್ಯಾನದಲ್ಲಿ ಬೆಳೆಸಿದೆ. 2024ರ ಜನವರಿ 1ರ ನೋತೊ ಭೂಕಂಪದಲ್ಲಿ ಫುಶಿಕಿಯ ನೆಲವೇ ಸಡಿಲಗೊಂಡು ಮನೆ, ರಸ್ತೆಗಳಿಗೆ ಹಾನಿಯಾಯಿತು. ನೆಲ ಬದಲಾದರೂ ಸ್ಥಳನಾಮಗಳ ನೆನಪನ್ನು ಪಠ್ಯ ಕಾಯುತ್ತದೆ. ಪಠ್ಯ ಹೇಳದೆ ಬಿಟ್ಟ ಜನಜೀವನವನ್ನು ಅರಿಯಲು ಮತ್ತೆ ನೆಲದತ್ತಲೇ, ಉತ್ಖನನದತ್ತಲೇ ಹೊರಳಬೇಕಾಗುತ್ತದೆ. ಕಾವ್ಯ ಮತ್ತು ಚರಿತ್ರೆಗಳನ್ನು ಒಂದೇ ಸೂರಿನಡಿ ತಂದಿರುವುದರ ಸಾರ್ಥಕತೆ ಈ ಪರಸ್ಪರ ಪೂರಕತೆಯಲ್ಲಿದೆ.