ಯಂತ್ರ ಬದಲಿಸುವಾಗ ಪರವಾನಗಿಯ ಲೆಕ್ಕ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದಲೂ, ವಿಂಡೋಸ್ 11 ಹಳೆಯ ಅನೇಕ ಯಂತ್ರಗಳನ್ನು ಒಪ್ಪದಿರುವುದರಿಂದಲೂ, ಬೀದರ್‌ನ ಗಾಂಧಿ ಗಂಜಿನ ಅಡತಿ ಅಂಗಡಿಗಳು ಮೊದಲ್ಗೊಂಡು ಅಷ್ಟೂರ, ಭಾಲ್ಕಿ, ಔರಾದ್‌ಗಳಲ್ಲಿ ಲೆಕ್ಕ ಬರೆದುಕೊಡುವವರ ಮನೆಗಳವರೆಗೆ ಹೊಸ ಕಂಪ್ಯೂಟರಿನ ಖರ್ಚು ತಲೆದೋರಿದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಯಂತ್ರದ ಬೆಲೆಯಲ್ಲಿ ಸಾವಿರ, ಎರಡು ಸಾವಿರ ಇಳಿಸಿಕೊಂಡು ಬರುವವರಲ್ಲಿಯೂ, ಹಳೆಯ ಯಂತ್ರದೊಳಗಿನ ತಂತ್ರಾಂಶಗಳಲ್ಲಿ ಯಾವುವು ಹೊಸದಕ್ಕೆ ಬರುತ್ತವೆ, ಯಾವುದಕ್ಕೆ ಮತ್ತೆ ಹಣ ಕಟ್ಟಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕುವವರು ವಿರಳ.

ತಂತ್ರಾಂಶಕ್ಕೆ ಹಣ ಕೊಟ್ಟವನಿಗೆ ದಕ್ಕುವುದು ಪರವಾನಗಿ, ಅಂದರೆ ಗೊತ್ತುಪಡಿಸಿದ ಷರತ್ತುಗಳಿಗೆ ಒಳಪಟ್ಟು ಬಳಸುವ ಅನುಮತಿ ಮಾತ್ರ. ಹೊಲವನ್ನು ಲಾವಣಿಗೆ ಹಿಡಿದವನು ಬಿತ್ತಿ ಬೆಳೆಯಬಹುದಾದರೂ ಪಹಣಿಯಲ್ಲಿ ಅವನ ಹೆಸರು ಮಾಲೀಕನ ಜಾಗಕ್ಕೆ ಏರುವುದಿಲ್ಲ. ಸಿ.ಡಿ.ಯಲ್ಲಿ ಮಾರುವ ಸಿದ್ಧ ತಂತ್ರಾಂಶವು ಮಾರಾಟ ತೆರಿಗೆಗೆ ಒಳಪಡುವ ಸರಕು ಎಂದು ಸುಪ್ರೀಂ ಕೋರ್ಟು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿಲುವನ್ನು ತಳ್ಳಿಹಾಕಿ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ತೀರ್ಪಿತ್ತಾಗ, ಅಂತಿಮ ಬಳಕೆದಾರನಿಗೆ ಕೃತಿಸ್ವಾಮ್ಯದ ಯಾವ ಹಕ್ಕೂ ವರ್ಗವಾಗುವುದಿಲ್ಲವೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ತೆರಿಗೆಯ ಹೊತ್ತಿಗೆ ಸರಕಾಗುವುದು ಯಂತ್ರ ಬದಲಿಸುವ ಹೊತ್ತಿಗೆ ಬರಿಯ ಅನುಮತಿಯಾಗುವುದು ಗ್ರಾಹಕನಿಗೆ ಸರಿಯೆನಿಸದಿರಬಹುದು. ಆದರೆ ವ್ಯವಹಾರ ನಡೆಯುವುದು ಹೀಗೆಯೇ.

ಈ ಅನುಮತಿಯನ್ನು ಒಂದು ಯಂತ್ರಕ್ಕೆ ಕಟ್ಟಿಹಾಕುವ ವಿಧಾನವೇ ಆಕ್ಟಿವೇಶನ್: ಮದರ್‌ಬೋರ್ಡ್ ಮೊದಲಾದ ಭಾಗಗಳಿಂದ ಪಡೆದ ಗುರುತನ್ನು ಪರವಾನಗಿಯ ಸಂಖ್ಯೆಯೊಡನೆ ಕಂಪನಿಯ ಸರ್ವರಿನಲ್ಲಿ ದಾಖಲಿಸಲಾಗುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಇದು ಮನೆಬಳಕೆಯ ಯಂತ್ರಗಳಿಗೂ ವ್ಯಾಪಿಸಿತು. ಲ್ಯಾಪ್‌ಟಾಪಿನೊಡನೆಯೇ ಬರುವ ಓಇಎಂ ವಿಂಡೋಸ್ ಆ ಯಂತ್ರದೊಂದಿಗೇ ಮುಗಿಯುತ್ತದೆ. ಬೇರೆಯಾಗಿ ಕೊಂಡ ರಿಟೇಲ್ ಪ್ರತಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಲು ಅವಕಾಶವಿದೆ. ಈ ಅಂಕಣಕಾರರು ಯಂತ್ರ ಬದಲಿಸಿದಾಗ ಮತ್ತೆ ಹಣ ಕೇಳಿದ್ದು ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಬಂದಿದ್ದ ಆಫೀಸ್ ಒಂದೇ ಆಗಿದ್ದು, ಮನೆಯ ಪತ್ರ ಮತ್ತು ಪಟ್ಟಿಗಳಿಗೆ ಉಚಿತವಾದ ಲಿಬ್ರೆಆಫೀಸ್ ಧಾರಾಳವಾಗಿ ಸಾಕಾಯಿತು.

ತೊಗರಿ, ಉದ್ದು, ಸೋಯಾಬೀನ್ ವಹಿವಾಟಿನ ಊರುಗಳಲ್ಲಿ ನಿಜವಾಗಿ ತೂಕದ ಪರವಾನಗಿಯೆಂದರೆ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯದು. ಒಬ್ಬರೇ ಬಳಸುವ ಸಿಲ್ವರ್ ಪರವಾನಗಿಗೆ ಇತ್ತೀಚಿನ ವರ್ಷಗಳಲ್ಲಿ 22,500 ರೂಪಾಯಿ ಬೆಲೆಯಿದ್ದು, ಶೇ 18ರ ಜಿಎಸ್‌ಟಿ ಸೇರಿದರೆ 26,550 ಆಗುತ್ತದೆ. ಹಲವು ಕಡೆ ಹಳೆಯ ಕಂಪ್ಯೂಟರಿಗೆ ಗುಜರಿಯಲ್ಲಿ ಸಿಗುವ ಹಣ ಇದರ ಹತ್ತಿರಕ್ಕೂ ಬರುವುದಿಲ್ಲ. ಜಿಎಸ್‌ಟಿಯ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿಕೊಂಡ ವರ್ತಕನು ಆ 4,050 ರೂಪಾಯಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಕಾರನಿಗೆ ಅದು ಪೂರ್ತಿ ಖರ್ಚೇ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾತ್ರ ಕಂಪ್ಯೂಟರಿಗೂ ತಂತ್ರಾಂಶಕ್ಕೂ ಒಂದೇ ದರ, ವರ್ಷಕ್ಕೆ ಶೇ 40ರ ಸವಕಳಿ.

ಟ್ಯಾಲಿಯನ್ನು ಸಾಗಿಸುವ ಕ್ರಮ ಕಷ್ಟದ್ದಲ್ಲ, ಆದರೆ ಅದನ್ನು ಹಿಂದುಮುಂದು ಮಾಡುವಂತಿಲ್ಲ. ಹಳೆಯ ಯಂತ್ರದಲ್ಲಿ ದತ್ತಾಂಶದ ಬ್ಯಾಕಪ್ ತೆಗೆದು, ಇಂಟರ್ನೆಟ್ ಇರುವಾಗಲೇ ಪರವಾನಗಿಯನ್ನು ‘ಸರೆಂಡರ್’ ಮಾಡಿ, ಅಂದರೆ ಕಂಪನಿಗೆ ಒಪ್ಪಿಸಿ, ಬಳಿಕ ಹೊಸ ಯಂತ್ರದಲ್ಲಿ ಅದೇ ಸೀರಿಯಲ್ ನಂಬರಿನಿಂದ ಸಕ್ರಿಯಗೊಳಿಸಬೇಕು. ಹಳೆಯ ಯಂತ್ರವನ್ನು ಮಾರಿ ಕೈತೊಳೆದುಕೊಂಡ ಮೇಲೆ ಇದು ನೆನಪಾದರೆ ಸಹಾಯ ಕೇಂದ್ರದ ಮೊರೆಹೋಗಬೇಕಾಗುತ್ತದೆ. ಅದೂ ರಿಟರ್ನ್ ಸಲ್ಲಿಕೆಯ ಕೊನೆಯ ದಿನಗಳಲ್ಲೇ ನಡೆಯುವುದು ಹೆಚ್ಚು.

ಕನ್ನಡದ ಅಕ್ಷರ ತಂತ್ರಾಂಶಗಳ ಕಾಲದಲ್ಲಿ ಈ ಬೀಗ ಕೈಗೆ ಸಿಗುವಂಥದ್ದಾಗಿತ್ತು. ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ಪುಣೆಯ ಶ್ರೀಲಿಪಿಗೆ ಹಾರ್ಡ್‌ವೇರ್ ಲಾಕ್ ಎಂಬ ಪುಟ್ಟ ಸಾಧನವಿದ್ದು, ಅದನ್ನು ಕಿತ್ತು ಹೊಸ ಯಂತ್ರಕ್ಕೆ ಸಿಕ್ಕಿಸಿದರೆ ಪರವಾನಗಿಯೂ ಬಂದಂತೆಯೇ. ಕಳೆದುಹೋದರೆ ನಷ್ಟ ದೊಡ್ಡದು. ಆದರೂ ಪರವಾನಗಿ ತನ್ನ ಕೈಯಲ್ಲಿದೆಯೆಂಬ ಖಾತರಿ ಅಂಗಡಿಯವನಿಗೆ ಇದ್ದ ಈ ಏರ್ಪಾಡು ಇಂದಿನದಕ್ಕಿಂತ ಮೇಲೆಂದು ವಾದಿಸುವುದು ಅಸಂಗತವಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿರುವುದರಿಂದ ಅದಕ್ಕೆ ಈ ತೊಡಕೇ ಇಲ್ಲ.

ಅಗ್ಗದ ದಾರಿಯೆಂದು ಅಂಗಡಿಯವರೇ ಹಾಕಿಕೊಡುವ ಕ್ರ್ಯಾಕ್ ಪ್ರತಿಯ, ಅಂದರೆ ಪರವಾನಗಿಯಿಲ್ಲದ ನಕಲಿನ, ಲೆಕ್ಕ ಬೇರೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು, ಗೊತ್ತಿದ್ದೂ ಇಂಥ ಪ್ರತಿಯನ್ನು ಬಳಸುವವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ.

ಕಾಗದದ ಮೇಲೆ ಎಲ್ಲವೂ ಸರಿಯಿದ್ದರೂ ಅನೇಕ ಕಡೆ ವರ್ಗಾವಣೆ ನಿಲ್ಲುವುದು ಇಮೇಲ್ ವಿಳಾಸದ ಬಳಿ. ಕೊಳ್ಳುವಾಗ ಮಾಲೀಕನಿಗೆ ಇಮೇಲ್ ಇರದ ಕಾರಣ ಅಂದಿನ ಗುಮಾಸ್ತನದನ್ನೋ ಮಾರಾಟಗಾರನದನ್ನೋ ಕೊಟ್ಟಿರುತ್ತಾರೆ. ಮರುಸಕ್ರಿಯಗೊಳಿಸಲು ಬೇಕಾದ ಸಂದೇಶ ಆ ವಿಳಾಸಕ್ಕೇ ಹೋಗುತ್ತದೆ, ಗುಮಾಸ್ತನು ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿರುತ್ತಾನೆ. ಆದ್ದರಿಂದ ಹೊಸ ಯಂತ್ರದ ಬೆಲೆ ವಿಚಾರಿಸುವುದಕ್ಕಿಂತ ಮೊದಲು, ಪರವಾನಗಿ ಯಾರ ಹೆಸರಿನಲ್ಲಿ, ಯಾವ ಇಮೇಲಿನಲ್ಲಿ ದಾಖಲಾಗಿದೆಯೆಂದು ನೋಡಿ, ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಮಾಲೀಕನ ವಿಳಾಸಕ್ಕೆ ಬದಲಾಯಿಸಿಕೊಳ್ಳುವುದು ಒಳಿತು.