ಬೆಂಚಿನ ಹಿಂದೆ ನಿಂತು ಕಲಿತದ್ದು

ಕೆನಡಾದ ಒಂಟಾರಿಯೋದಲ್ಲಿ ಜೂನಿಯರ್ ಐಸ್ ಹಾಕಿ ತಂಡವೊಂದಕ್ಕೆ ನಾನು ಎಕ್ವಿಪ್‌ಮೆಂಟ್ ಮ್ಯಾನೇಜರ್. ದಾವಣಗೆರೆಗೆ ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ: “ಅಲ್ಲೋ, ಅಷ್ಟು ದೂರ ಹೋಗಿ ಹುಡುಗರ ಬೂಟು ಮಸೆದು ಕೊಡ್ತೀಯೇನೋ?” ಹೌದಮ್ಮ, ಅದೇ ಕೆಲಸ.

1. ಸಾಣೆ ಮೊದಲು. ಸ್ಕೇಟಿನ ಅಲಗು ಚಾಕುವಿನ ಹಾಗಲ್ಲ. ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ಕೊರೆಯಬೇಕು. ಅದರ ಎರಡು ದಂಡೆಗಳೇ ಎರಡು ಅಂಚು. ಕಾಲುವೆ ಆಳವಾದಷ್ಟೂ ಐಸಿಗೆ ಕಚ್ಚಿಕೊಳ್ಳುತ್ತದೆ, ಮೇಲುಮೇಲಾಗಿದ್ದರೆ ಸಲೀಸಾಗಿ ಜಾರುತ್ತದೆ. ಅರ್ಧ ಇಂಚಿನ ತ್ರಿಜ್ಯ ಬಹಳ ಜನಕ್ಕೆ ಒಗ್ಗುತ್ತದೆ. ಮೈಭಾರ ಇರುವವರು 5/8 ಕೇಳುವುದುಂಟು. ಯಾರಿಗೆ ಎಷ್ಟು ಎಂಬುದು ಪುಸ್ತಕದಲ್ಲೂ ಇರಬೇಕು, ತಲೆಯಲ್ಲೂ ಇರಬೇಕು.

ಮೊದಲ ವರ್ಷ ಅವಸರದಲ್ಲಿ ಒಬ್ಬ ಹುಡುಗನ ಅಲಗಿನ ಒಂದು ಅಂಚು ಕೂದಲೆಳೆಯಷ್ಟು ಎತ್ತರವಾಗಿಬಿಟ್ಟಿತ್ತು. ತಿರುವಿನಲ್ಲಿ ಕಾಲು ಕೈಕೊಟ್ಟು ಅವನು ಬಿದ್ದ, ಎದುರಾಳಿ ಗೋಲು ಹೊಡೆದ. ಬೆಂಚಿಗೆ ಬಂದವನು ಬೈಯಲಿಲ್ಲ. ಸ್ಕೇಟು ಬಿಚ್ಚಿ ನನ್ನ ಮುಂದಿಟ್ಟು ಸುಮ್ಮನೆ ಕೂತ. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಪ್ರತಿ ಅಲಗಿಗೂ ಅಡ್ಡಲಾಗಿ ಒಂದು ನಾಣ್ಯ ಕೂರಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತೇನೆ. ವಾಲಿದರೆ ಮತ್ತೆ ಸಾಣೆಗೆ. ಆ ನಾಣ್ಯ ನಮ್ಮ ಎರಡು ರೂಪಾಯಿಯದು; ಇಲ್ಲಿ ಅದಕ್ಕೆ ಬೇರೆ ಉಪಯೋಗವೂ ಇಲ್ಲ.

2. ಆಟ ನೋಡಬೇಡ, ಸ್ಟಿಕ್ ನೋಡು. ಮುರಿದ ಸ್ಟಿಕ್‌ನಲ್ಲಿ ಆಡಿದರೆ ಪೆನಾಲ್ಟಿ. ಸ್ಟಿಕ್ ಮುರಿದ ಆಟಗಾರ ಅದನ್ನು ಅಲ್ಲೇ ಬಿಸಾಕಿ ಬೆಂಚಿಗೆ ಓಡಿ ಬರುತ್ತಾನೆ, ನಾನು ಐಸಿನ ಮೇಲೆ ಎಸೆಯುವ ಹಾಗಿಲ್ಲ, ಕೈಗೇ ಕೊಡಬೇಕು. ಟಕ್ ಎಂಬ ಸದ್ದು ಕೇಳಿದ ಕೂಡಲೇ ನನ್ನ ಕೈ ಅವನ ನಂಬರಿನ ಸ್ಟಿಕ್ ಮೇಲಿರಬೇಕು, ಹಿಡಿ ಅವನ ಕಡೆಗಿರಬೇಕು. ಎಡಗೈಯವನಿಗೆ ಬಲಗೈ ಸ್ಟಿಕ್ ಕೊಟ್ಟರೆ ಕೊಡದಿದ್ದರೇ ಮೇಲು. ಗೋಲುಗಳನ್ನು ನಾನು ನೋಡುವುದು ಮಾರನೇ ದಿನ, ವಿಡಿಯೋದಲ್ಲಿ.

3. ಕತ್ತುಪಟ್ಟಿಗೆ ರಿಯಾಯಿತಿ ಇಲ್ಲ. “ಸೆಖೆ”, “ಚುಚ್ಚುತ್ತೆ” ಎಂದೆಲ್ಲ ಹುಡುಗರು ರಾಗ ಎಳೆಯುತ್ತಾರೆ. 1989ರಲ್ಲಿ ಬಫಲೋ ತಂಡದ ಗೋಲ್‌ಕೀಪರ್ ಕ್ಲಿಂಟ್ ಮಲಾರ್ಚುಕ್ ಅವರ ಕತ್ತನ್ನು ಸ್ಕೇಟಿನ ಅಲಗು ಸೀಳಿತು, ಅವರು ಬದುಕುಳಿದರು. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಅದೇ ಬಗೆಯ ಗಾಯವಾದ ಆಟಗಾರ ಆಡಮ್ ಜಾನ್ಸನ್ ಉಳಿಯಲಿಲ್ಲ. ಅಲಗು ಮಸೆಯುವವನು ನಾನೇ, ಹಾಗಾಗಿ ಈ ಮಾತಿನಲ್ಲಿ ನಾನು ಜಗ್ಗುವುದಿಲ್ಲ.

4. ಪಕ್ಕುಗಳನ್ನು, ಅಂದರೆ ಆಟದ ರಬ್ಬರು ಬಿಲ್ಲೆಗಳನ್ನು, ಆಟಕ್ಕೆ ಮೊದಲು ಫ್ರೀಜರಿನಲ್ಲಿಡಿ. ಬೆಚ್ಚಗಿನ ರಬ್ಬರು ಪುಟಿಯುತ್ತದೆ.

5. ವಾಸನೆಯನ್ನು ಮುಚ್ಚಬೇಡಿ, ಒಣಗಿಸಿ. ಎಂಥ ಸ್ಪ್ರೇ ಹೊಡೆದರೂ ಒದ್ದೆ ಗ್ಲೌಸು ಎರಡನೇ ದಿನಕ್ಕೆ ಹುಳಿ ಹಿಟ್ಟಿನಂತೆ ನಾರುತ್ತದೆ. ಬಸ್ಸಿನಿಂದ ರಾತ್ರಿ ಎರಡಕ್ಕೆ ಇಳಿದರೂ ಬ್ಯಾಗು ಬಿಚ್ಚಿ, ಒಂದೊಂದನ್ನೂ ಫ್ಯಾನಿನ ಮುಂದೆ ತೂಗುಹಾಕಿಯೇ ಮನೆಗೆ ಹೋಗಬೇಕು.

6. ಎಲ್ಲದಕ್ಕೂ ಒಂದು ಬದಲಿ ಇರಲಿ: ಸ್ಕ್ರೂ, ಲೇಸು, ಹೆಲ್ಮೆಟ್ಟಿನ ಕ್ಲಿಪ್ಪು. ಕೆಲವೊಮ್ಮೆ ಬದಲಿ ನೀವೇ ಆಗಬಹುದು. 2016ರ ಡಿಸೆಂಬರ್ 31ರಂದು ಟ್ಯಾಂಪಾದಲ್ಲಿ ಕ್ಯಾರೊಲೈನಾ ಹರಿಕೇನ್ಸ್ ತಂಡದ ಎರಡನೇ ಗೋಲ್‌ಕೀಪರ್‌ಗೆ ಹುಷಾರಿರಲಿಲ್ಲ. ಎಕ್ವಿಪ್‌ಮೆಂಟ್ ಮ್ಯಾನೇಜರ್ ಹೋರ್ಹೆ ಆಲ್ವೆಸ್ ಪ್ಯಾಡ್ ಕಟ್ಟಿಕೊಂಡು ಬೆಂಚಿನಲ್ಲಿ ಕೂತರು, ಕೊನೆಯ 7.6 ಸೆಕೆಂಡಿಗೆ ಕೋಚ್ ಅವರನ್ನು ಇಳಿಸಿಯೇಬಿಟ್ಟರು. ಪಕ್ಕು ಅವರತ್ತ ಸುಳಿಯಲಿಲ್ಲ. ಈ ಕತೆ ಕೇಳಿದಾಗಿನಿಂದ ನಮ್ಮ ಹುಡುಗರು ನನ್ನ ಕಾಲಿನ ಅಳತೆ ಕೇಳುತ್ತಲೇ ಇರುತ್ತಾರೆ. ನಾನೋ, ಐಸಿನ ಮೇಲೆ ಇನ್ನೂ ಗೋಡೆ ಹಿಡಿದು ನಡೆಯುವವನು.